ಸೇವಾ ಶುಲ್ಕ ಮತ್ತು ಮನೆಮಟ್ಟದ ಹವಾಮಾನ ಹೊಂದಾಣಿಕೆ: ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ

ನಳದ ನೀರು, ವಿದ್ಯುತ್ತು, ಒಳಚರಂಡಿ, ಕಸ ಸಾಗಣೆಗೆ ಮನೆಗಳು ಕಟ್ಟುವ ಶುಲ್ಕವನ್ನೂ ಮನೆಪಟ್ಟಿಯನ್ನೂ (ಆಸ್ತಿ ತೆರಿಗೆ) ಬರ, ಬಿಸಿಲು, ನೆರೆಗಳಿಗೆ ಮನೆಯನ್ನು ಅಣಿ ಮಾಡಿಸುವ ಪ್ರೇರಣೆಯಾಗಿ ಬಳಸುವ ಆಡಳಿತ ಕ್ರಮ. ಮಳೆನೀರು ಹಿಡಿಯುವ ತೊಟ್ಟಿ, ಕಾವು ತಡೆಯುವ ಮಾಳಿಗೆ, ಸೋಲಾರ್ ವಾಟರ್ ಹೀಟರ್, ಎತ್ತರಿಸಿದ ಕಟ್ಟೆ ಇವೆಲ್ಲ ಮನೆಯವರು ತಾವೇ ಮಾಡಿಕೊಳ್ಳಬಹುದಾದ ಹೊಂದಾಣಿಕೆಗಳು. ಇವುಗಳಿಗೆ ಸರ್ಕಾರ ಸಹಾಯಧನ ಕೊಡಬಹುದು, ಇಲ್ಲವೇ ಕಾನೂನು ಮಾಡಿ ಕಡ್ಡಾಯಗೊಳಿಸಬಹುದು. ಮೂರನೆಯ ದಾರಿ ಪ್ರತಿ ತಿಂಗಳೂ ಮನೆಬಾಗಿಲಿಗೆ ಬರುವ ಬಿಲ್ಲಿನಲ್ಲೇ 'ಮನೆಯನ್ನು ಅಣಿ ಮಾಡಿ' ಎಂಬ ಮಾತನ್ನು ಹೇಳುವುದು.

ಬಿಲ್ಲು ಈ ಮಾತನ್ನು ನಾಲ್ಕು ಬಗೆಯಲ್ಲಿ ಹೇಳಬಲ್ಲದು. ಬಳಕೆ ಹೆಚ್ಚಿದಂತೆ ದರ ಏರುವ ಹಂತದರ ಒಂದು. ಮಳೆಕೊಯ್ಲು, ಸೌರಶಕ್ತಿಯಂಥ ವ್ಯವಸ್ಥೆ ಮಾಡಿಕೊಂಡವರಿಗೆ ಬಿಲ್ಲಿನಲ್ಲಿ ಕಳೆಯುವ ರಿಯಾಯಿತಿ ಎರಡನೆಯದು. ಮಾಡಿಕೊಳ್ಳದವರ ಮೇಲೆ ಹೇರುವ ಹೆಚ್ಚುವರಿ ಶುಲ್ಕ ಮೂರನೆಯದು. ಎಲ್ಲರಿಂದ ಅಷ್ಟಿಷ್ಟು ಪಡೆದು ಒಂದೇ ಉದ್ದೇಶಕ್ಕೆ ಮೀಸಲಿಡುವ ಉಪಕರ ನಾಲ್ಕನೆಯದು. ಕರ್ನಾಟಕದಲ್ಲಿ ಈ ನಾಲ್ಕೂ ಬಳಕೆಗೆ ಬಂದಿವೆ, ಆದರೆ ಬಂದದ್ದು ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಇಲಾಖೆಗಳ ಕೈಯಲ್ಲಿ. ಬಾಗಲಕೋಟೆ ಜಿಲ್ಲೆಯ ನಾಲ್ಕು ಪಟ್ಟಣಗಳನ್ನು ಮುಂದಿಟ್ಟುಕೊಂಡು ಈ ಸಾಧನಗಳ ಸ್ವರೂಪ, ಅನುಭವ ಮತ್ತು ಮಿತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಪ್ರದೇಶ ಮತ್ತು ಹವಾಮಾನ

ಬಾಗಲಕೋಟೆ ಜಿಲ್ಲೆ 1997ರ ಆಗಸ್ಟ್ 15ರಂದು ಅಂದಿನ ಬಿಜಾಪುರ ಜಿಲ್ಲೆಯಿಂದ ಬೇರೆಯಾಯಿತು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 18.9 ಲಕ್ಷ. ಬಾಗಲಕೋಟೆ ನಗರದಲ್ಲಿ ಸುಮಾರು 1.12 ಲಕ್ಷ, ಇಳಕಲ್ಲಿನಲ್ಲಿ 60 ಸಾವಿರ, ಬಾದಾಮಿಯಲ್ಲಿ 31 ಸಾವಿರ, ಹುನಗುಂದದಲ್ಲಿ 20 ಸಾವಿರದಷ್ಟು ಜನರಿದ್ದರು. ಬಾಗಲಕೋಟೆ ಮತ್ತು ಇಳಕಲ್ಲ ನಗರಸಭೆಗಳು. ಬಾದಾಮಿ ಮತ್ತು ಹುನಗುಂದ ಪುರಸಭೆಗಳು. ಬಹುಕಾಲ ಹುನಗುಂದ ತಾಲೂಕಿನ ಊರಾಗಿದ್ದ ಇಳಕಲ್ಲ ಈಗ ಸ್ವತಃ ತಾಲೂಕು ಕೇಂದ್ರ.

ಜಿಲ್ಲೆ ರಾಜ್ಯದ ಉತ್ತರ ಒಣ ವಲಯಕ್ಕೆ ಸೇರಿದ್ದು, ವರ್ಷದ ಮಳೆ ಸುಮಾರು 550ರಿಂದ 600 ಮಿಲಿಮೀಟರ್ ಮಾತ್ರ. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ಇಂಥ ಒಣನೆಲದಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಹರಿಯುತ್ತವೆ. ಮೂರರ ಹುಟ್ಟೂ ಪಶ್ಚಿಮ ಘಟ್ಟದಲ್ಲಿ. ಆದ್ದರಿಂದ ಇಲ್ಲಿ ಒಂದು ಹನಿ ಬೀಳದ ದಿನವೂ ಮಹಾಬಳೇಶ್ವರ ಅಥವಾ ಕಣಕುಂಬಿಯ ಕಡೆ ಸುರಿದ ಮಳೆ ನೆರೆಯಾಗಿ ಊರು ಹೊಗುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಹಾಮಳೆಯಲ್ಲಿ ಬಾದಾಮಿ, ಹುನಗುಂದ ತಾಲೂಕುಗಳ ಹೊಳೆದಂಡೆಯ ಹಳ್ಳಿಗಳು ಕೊಚ್ಚಿಹೋದವು. 'ಆಸರೆ' ಯೋಜನೆಯಡಿ ಎತ್ತರದ ಜಾಗದಲ್ಲಿ ಹೊಸ ಬಡಾವಣೆಗಳು ಎದ್ದವು. 2019ರ ಆಗಸ್ಟಿನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೆ ನುಗ್ಗಿತು. ನಾಲ್ಕೇ ವರ್ಷ ಕಳೆದು 2023ರಲ್ಲಿ ರಾಜ್ಯ ಸರ್ಕಾರ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿತು. ಇಲ್ಲಿನ ಮನೆ ಬರಕ್ಕೂ ಸಜ್ಜಾಗಬೇಕು, ನೆರೆಗೂ ಸಜ್ಜಾಗಬೇಕು.

ಹಳೆಯ ಮನೆಗಳಿಗೆ ಈ ಹವೆಯ ಪರಿಚಯವಿತ್ತು. ದಪ್ಪ ಗೋಡೆ, ತೊಲೆ–ಜಂತಿಗಳ ಮೇಲೆ ಮಣ್ಣು ಹೊದಿಸಿದ ಮೇಲ್ಮುದ್ದಿ, ಬೆಳಕಿಂಡಿ ಇವು ಒಳಗಿನ ಕಾವನ್ನು ತಗ್ಗಿಸುತ್ತಿದ್ದವು. ಮೇಲ್ಮುದ್ದಿಯ ಜಾಗಕ್ಕೆ ಆರ್‌ಸಿಸಿ ಮತ್ತು ಪತ್ರಾಸ್ ಬಂದ ಮೇಲೆ ಮಾಳಿಗೆ ಮಾಡುತ್ತಿದ್ದ ಕೆಲಸ ಫ್ಯಾನಿನ ಪಾಲಾಯಿತು, ಅಂದರೆ ವಿದ್ಯುತ್ ಬಿಲ್ಲಿನ ಪಾಲಾಯಿತು. ಮನೆಯ ಕಟ್ಟಡಕ್ಕೂ ಸೇವಾ ಶುಲ್ಕಕ್ಕೂ ಗಂಟು ಬಿದ್ದದ್ದು ಹೀಗೆ.

ನೀರಿನ ಶುಲ್ಕ

ಸಣ್ಣ ಪಟ್ಟಣಗಳಲ್ಲಿ ಕುಡಿಯುವ ನೀರಿನ ಕಾಮಗಾರಿಯನ್ನು ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಮಾಡಿಕೊಡುತ್ತದೆ. ನೀರು ಬಿಡುವುದು, ಶುಲ್ಕ ವಸೂಲು ಮಾಡುವುದು ನಗರಸಭೆ ಅಥವಾ ಪುರಸಭೆಯ ಹೊಣೆ. ದರದ ಚೌಕಟ್ಟನ್ನು ರಾಜ್ಯ ಸರ್ಕಾರ ಹಾಕಿಕೊಡುತ್ತದೆ. ಮೀಟರು ಇದ್ದಲ್ಲಿ ಸಾವಿರ ಲೀಟರಿನ ಲೆಕ್ಕದಲ್ಲಿ ಹಂತದರ, ಇಲ್ಲದಲ್ಲಿ ತಿಂಗಳಿಗೆ ಇಷ್ಟು ಎಂಬ ಗೊತ್ತಾದ ಮೊತ್ತ.

ಈ ವ್ಯತ್ಯಾಸದಲ್ಲೇ ವಿಷಯದ ತಿರುಳಿದೆ. ಗೊತ್ತಾದ ಮೊತ್ತ ಕಟ್ಟುವ ಮನೆಗೆ ಒಂದು ಕೊಡ ಉಳಿಸಿದರೂ ಹತ್ತು ಕೊಡ ಚೆಲ್ಲಿದರೂ ಬಿಲ್ಲು ಒಂದೇ. ನಾಲ್ಕು ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ನೀರು ಬಿಡುವ ಊರಿನಲ್ಲಂತೂ ದರಕ್ಕಿಂತ ಸರದಿಯೇ ಬಳಕೆಯನ್ನು ನಿರ್ಧರಿಸುತ್ತದೆ. ನೀರು ಬಂದ ದಿನ ಸಂಪು, ಬ್ಯಾರೆಲ್ಲು, ಹಂಡೆಗಳನ್ನೆಲ್ಲ ತುಂಬಿಕೊಂಡು, ಮುಂದಿನ ಸರದಿ ಬಂದಾಗ ಉಳಿದ ಹಳೆ ನೀರನ್ನು ಅಂಗಳಕ್ಕೆ ಚೆಲ್ಲುವುದೂ ಉಂಟು. ದೊಡ್ಡ ಸಂಪು ಇದ್ದವನಿಗೆ ಬರ ದೂರ. ಎರಡೇ ಬ್ಯಾರೆಲ್ಲು ಇದ್ದವನಿಗೆ ಮೂರನೇ ದಿನವೇ ಬರ. ಆದರೂ ಇಬ್ಬರ ಬಿಲ್ಲೂ ಒಂದೇ.

ಉತ್ತರ ಕರ್ನಾಟಕದಲ್ಲಿ ಇದನ್ನು ಬದಲಿಸುವ ಎರಡು ದೊಡ್ಡ ಪ್ರಯತ್ನಗಳು ನಡೆದವು. ಮೊದಲನೆಯದು, ವಿಶ್ವಬ್ಯಾಂಕಿನ ನೆರವಿನಿಂದ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಾರ್ಡುಗಳಲ್ಲಿ 2008ರಲ್ಲಿ ಆರಂಭವಾದ ದಿನದ 24 ಗಂಟೆ ನೀರು ಪೂರೈಕೆ. ಅಲ್ಲಿ ಪ್ರತಿ ಮನೆಗೂ ಮೀಟರು ಬಂತು, ಹಂತದರ ಬಂತು. ಎರಡನೆಯದು, ಏಷ್ಯಾ ಅಭಿವೃದ್ಧಿ ಬ್ಯಾಂಕು 2006ರಲ್ಲಿ ಮಂಜೂರು ಮಾಡಿದ ಉತ್ತರ ಕರ್ನಾಟಕ ನಗರ ವಲಯ ಹೂಡಿಕೆ ಕಾರ್ಯಕ್ರಮ. ಕರ್ನಾಟಕ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ಸಂಸ್ಥೆ ನಡೆಸಿದ ಈ ಕಾರ್ಯಕ್ರಮದಲ್ಲಿ ಬಾಗಲಕೋಟೆ ಜಿಲ್ಲೆಯ ಪಟ್ಟಣಗಳೂ ಸೇರಿದ್ದವು. ಇಳಕಲ್ಲಿನಲ್ಲಿ ಸಂಪರ್ಕಗಳಿಗೆ ಮೀಟರು ಹಾಕಿ ನಿರಂತರ ನೀರು ಕೊಡುವ ಕೆಲಸ ಕೈಗೊಳ್ಳಲಾಯಿತು. ನಂತರ ನಗರಗಳ ನೀರು, ಒಳಚರಂಡಿಗಾಗಿ ಬಂದ 2015ರ ಅಮೃತ್ ಯೋಜನೆಗೆ ಬಾಗಲಕೋಟೆ ಆಯ್ಕೆಯಾಯಿತು. 2021ರ ಅಕ್ಟೋಬರಿನಲ್ಲಿ ಶುರುವಾದ ಅಮೃತ್ 2.0 ಎಲ್ಲ ಪಟ್ಟಣಗಳನ್ನೂ ಒಳಗೊಂಡಿತು.

ಹವಾಮಾನದ ದೃಷ್ಟಿಯಿಂದ ನೋಡಿದರೆ ಮೀಟರಿನ ಬೆಲೆ ವಸೂಲಾತಿಗಿಂತ ಹೆಚ್ಚು. ಬರದ ವರ್ಷದಲ್ಲಿ ಯಾವ ಓಣಿಯ ಕೊಳವೆ ಸೋರುತ್ತಿದೆ, ಯಾವ ಮನೆ ಮಿತಿಮೀರಿ ಬಳಸುತ್ತಿದೆ, ಯಾವ ಮನೆಗೆ ನೀರೇ ತಲುಪುತ್ತಿಲ್ಲ ಎಂಬುದನ್ನು ಮೀಟರು ಮಾತ್ರ ತೋರಿಸಬಲ್ಲದು.

ಮಳೆನೀರಿನ ಲೆಕ್ಕ

ನೀರಿನ ಶುಲ್ಕದ ಜೊತೆ ಜೋಡಿಸಲು ಸುಲಭವಾದ ಹೊಂದಾಣಿಕೆ ಮಳೆಕೊಯ್ಲು. ನೂರು ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ 560 ಮಿಲಿಮೀಟರ್ ಮಳೆ ಬಿದ್ದರೆ 56,000 ಲೀಟರ್ ಆಗುತ್ತದೆ. ಐದನೇ ಒಂದು ಭಾಗ ಆವಿ, ಸೋರಿಕೆ, ಮೊದಲ ಮಳೆಯ ಕೊಳೆನೀರು ಎಂದು ಬಿಟ್ಟರೂ 44,800 ಲೀಟರ್ ಉಳಿಯುತ್ತದೆ. ಹಳ್ಳಿಗಳ ಮನೆಮನೆಗೆ ನಳ ತರುವ ಜಲಜೀವನ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಎಂದು ಗೊತ್ತು ಮಾಡಿದೆ. ಆ ಲೆಕ್ಕದಲ್ಲಿ ಐದು ಜನರ ಮನೆಗೆ ಇದು 160 ದಿನಕ್ಕೂ ಮೀರಿ ಸಾಕಾಗುವ ನೀರು. ಅಷ್ಟನ್ನೂ ಹಿಡಿದಿಡುವ ತೊಟ್ಟಿ ಸಾಮಾನ್ಯರ ಕೈಗೆ ಎಟುಕದು. ಆದರೆ ಕುಡಿಯಲು, ಅಡುಗೆಗೆ ಮನೆಗೆ ದಿನಕ್ಕೆ 50 ಲೀಟರ್ ಸಾಕೆಂದರೆ, 5,000 ಲೀಟರಿನ ಒಂದು ತೊಟ್ಟಿ ನೂರು ದಿನ ನಡೆಯುತ್ತದೆ.

ಮಣ್ಣಿನ ಗುಣವನ್ನೂ ಗಮನಿಸಬೇಕು. ಎರೆಭೂಮಿ ಹಸಿಯಾದೊಡನೆ ಉಬ್ಬಿ ನೀರನ್ನು ಕೆಳಗಿಳಿಯಗೊಡದು; ಇಳಕಲ್ಲಿನ ಕಡೆ ನೆಲದಡಿಯ ಗಟ್ಟಿ ಕಣಶಿಲೆಯಲ್ಲಿ ಬಿರುಕು ಇದ್ದಲ್ಲಿ ಮಾತ್ರ ನೀರು ಇಳಿಯುತ್ತದೆ. ಆದ್ದರಿಂದ ಬೆಂಗಳೂರಿನ ಮಾದರಿಯ ಇಂಗುಗುಂಡಿಯನ್ನು ಇಲ್ಲಿ ಎಲ್ಲ ಮನೆಗೂ ಒಂದೇ ಅಳತೆಯಲ್ಲಿ ಹೇರುವುದಕ್ಕಿಂತ ತೊಟ್ಟಿಯಲ್ಲಿ ನೀರು ಹಿಡಿಯುವುದಕ್ಕೆ ರಿಯಾಯಿತಿ ಕೊಡುವುದು ಸೂಕ್ತ. ಹುನಗುಂದ–ಇಳಕಲ್ಲ ಭಾಗದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ತೊಂದರೆಯೂ ಇರುವುದರಿಂದ ಕುಡಿಯಲು ಹಿಡಿದಿಟ್ಟ ಮಳೆನೀರಿಗೆ ಇಲ್ಲಿ ಆರೋಗ್ಯದ ಬೆಲೆಯೂ ಉಂಟು.

ವಿದ್ಯುತ್ ದರ

ಜಿಲ್ಲೆಗೆ ವಿದ್ಯುತ್ ಪೂರೈಸುವುದು 2002ರಲ್ಲಿ ಕೆಲಸ ಆರಂಭಿಸಿದ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ (ಹೆಸ್ಕಾಂ). ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಬಿಲ್ಲು ಊರಿನಲ್ಲಿ ಹರಿದುಕೊಟ್ಟರೂ ದರ ಊರಿನಲ್ಲಿ ತೀರ್ಮಾನವಾಗುವುದಿಲ್ಲ.

ಮನೆಯ ನಡವಳಿಕೆಯನ್ನು ಬಿಲ್ಲಿನ ಮೂಲಕ ತಿದ್ದುವ ಪ್ರಯತ್ನಕ್ಕೆ ರಾಜ್ಯದಲ್ಲಿರುವ ಹಳೆಯ ಉದಾಹರಣೆ ಸೋಲಾರ್ ವಾಟರ್ ಹೀಟರಿನ ರಿಯಾಯಿತಿ. ಸೋಲಾರ್ ಹೀಟರ್ ಹಾಕಿಸಿ ಬಳಸುವ ಮನೆಗೆ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಗರಿಷ್ಠ ₹50 ಬಿಲ್ಲಿನಲ್ಲಿ ಕಳೆಯುತ್ತದೆ. ನೂರು ಯೂನಿಟ್ ಬಳಸಿದರೆ ಈ ಮಿತಿ ಮುಟ್ಟುತ್ತದೆ. ವರ್ಷಕ್ಕೆ ಹೆಚ್ಚೆಂದರೆ ₹600. ಬೆಲೆಗಳು ಏರಿದರೂ ₹50ರ ಮಿತಿ ಬಹುಕಾಲ ಹಾಗೆಯೇ ಉಳಿದದ್ದರಿಂದ ಅದರ ಸೆಳೆತ ಕುಗ್ಗುತ್ತ ಬಂತು.

ಹಂತದರವೂ ಇತ್ತೀಚೆಗೆ ಏರಿಳಿತ ಕಂಡಿತು. 2023ರ ಮೇ ತಿಂಗಳ ಆದೇಶದಲ್ಲಿ ನೂರು ಯೂನಿಟ್‌ವರೆಗೆ ಯೂನಿಟ್ಟಿಗೆ ₹4.75, ನೂರು ದಾಟಿದರೆ ಬಳಸಿದ ಎಲ್ಲ ಯೂನಿಟ್ಟಿಗೂ ₹7 ಎಂದಾಯಿತು. ನೂರು ಯೂನಿಟ್ಟಿಗೆ ₹475. ನೂರಾ ಒಂದಕ್ಕೆ ₹707. ಒಂದೇ ಯೂನಿಟ್ಟಿಗೆ ₹232 ಜಿಗಿಯುವ ಈ ಮೆಟ್ಟಿಲು ಬಳಕೆದಾರರನ್ನು ಉಳಿತಾಯಕ್ಕೆ ಒಲಿಸುವ ಬದಲು ಸಿಟ್ಟಿಗೆಬ್ಬಿಸಿತು. 2024ರ ಏಪ್ರಿಲ್‌ನಿಂದ ಮನೆಬಳಕೆಗೆ ₹5.90ರ ಒಂದೇ ದರ ಬಂತು. 2025ರಲ್ಲಿ ಯೂನಿಟ್ ದರ ₹5.80ಕ್ಕೆ ಇಳಿದು, ಕಿಲೊವಾಟಿನ ನಿಗದಿತ ಶುಲ್ಕ ₹120ರಿಂದ ₹145ಕ್ಕೆ ಏರಿತು. ನಿಗದಿತ ಶುಲ್ಕದ ಪಾಲು ಹೆಚ್ಚಿದಷ್ಟೂ ಉಳಿತಾಯದಿಂದ ಬಿಲ್ಲು ಇಳಿಸುವ ಅವಕಾಶ ಕಡಿಮೆಯಾಗುತ್ತದೆ.

ಈ ಎಲ್ಲ ಲೆಕ್ಕವನ್ನೂ ಬದಲಿಸಿದ್ದು ಗೃಹಜ್ಯೋತಿ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಯಾದ ಈ ಯೋಜನೆಯಲ್ಲಿ 2022–23ರ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಮೀರದಂತೆ ಉಚಿತ ವಿದ್ಯುತ್ ಕೊಡಲಾಯಿತು. ಕಡಿಮೆ ಬಳಸುವ ಮನೆಗಳಿಗೆ ಮುಂದೆ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿ ಎಂದಾಯಿತು. ತನ್ನ ಮಿತಿ ದಾಟಿ 200ರೊಳಗಿದ್ದರೆ ಹೆಚ್ಚಾದಷ್ಟಕ್ಕೆ ಹಣ, 200 ದಾಟಿದರೆ ಪೂರ್ತಿ ಬಿಲ್ಲು. ಬಾಡಿಗೆಯವರನ್ನೂ ಒಳಗೊಂಡ ಈ ಯೋಜನೆ ಬಡ ಮನೆಗಳ ಖರ್ಚನ್ನು ತಗ್ಗಿಸಿದ್ದು ನಿಜ. ಹೊರೆಯಿಲ್ಲದೆ ಫ್ಯಾನು ತಿರುಗುವುದೂ ಬಿಸಿಲನಾಡಿನಲ್ಲಿ ಒಂದು ಬಗೆಯ ರಕ್ಷಣೆಯೇ. ಆದರೆ ಬಿಲ್ಲಿನ ಮೂಲಕ ಮಾತನಾಡುವ ಸಾಧನವಾಗಿ ನೋಡಿದಾಗ ಮೂರು ಪರಿಣಾಮಗಳು ಎದ್ದು ಕಾಣುತ್ತವೆ. ಒಂದು, ಶೂನ್ಯ ಬಿಲ್ಲಿನಲ್ಲಿ ₹50 ಕಳೆಯಲು ಜಾಗವಿಲ್ಲ. ಹೀಟರಿನ ರಿಯಾಯಿತಿಗೆ ಅರ್ಥ ಉಳಿಯುವುದಿಲ್ಲ. ಎರಡು, ಉಳಿಸಿದ ಯೂನಿಟ್ಟು ಮುಂದಿನ ತಿಂಗಳಿಗೆ ಬರುವುದಿಲ್ಲ. ಉಳಿಸಿದವನಿಗೆ ಲಾಭವೇನೂ ಸಿಗದು. ಮೂರು, ಮಿತಿ ಇಡೀ ವರ್ಷದ ಸರಾಸರಿಯಾದ್ದರಿಂದ, ಡಿಸೆಂಬರಿನಲ್ಲಿ ಬಳಸದೆ ಉಳಿದದ್ದು ಕಳೆದುಹೋಗಿ ಮೇ ತಿಂಗಳ ಕಾವಿನಲ್ಲಿ ಕೂಲರ್ ಹಾಕಿದಾಗ ಮಿತಿ ಒಡೆಯುತ್ತದೆ. ಮಲೆನಾಡಿಗಿಂತ ಬಾಗಲಕೋಟೆಯಂಥ ಊರಿಗೆ ಇದು ಹೆಚ್ಚು ತಟ್ಟುತ್ತದೆ.

ಮಿತಿಯೊಳಗೆ ಉಳಿಯಬೇಕೆಂಬ ಎಚ್ಚರ ಮಾತ್ರ ಇನ್ನೂ ಕೆಲಸ ಮಾಡಬಲ್ಲದು. 75 ವಾಟಿನ ಹಳೆ ಸೀಲಿಂಗ್ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. 30 ವಾಟಿನ ಬಿಎಲ್‌ಡಿಸಿ ಫ್ಯಾನಿಗೆ 11 ಯೂನಿಟ್ ಸಾಕು. ಫ್ಯಾನು ಬದಲಿಸಿದ ಮನೆ ಬೇಸಿಗೆಯಲ್ಲೂ ಮಿತಿಯೊಳಗೆ ನಿಲ್ಲಬಹುದು. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮಾಳಿಗೆಯ ಸೌರಫಲಕಗಳಿಗೆ ಎರಡು ಕಿಲೊವಾಟ್‌ವರೆಗೆ ಕಿಲೊವಾಟಿಗೆ ₹30,000, ಮೂರು ಮತ್ತು ಮೇಲ್ಪಟ್ಟದ್ದಕ್ಕೆ ಒಟ್ಟು ₹78,000 ಸಹಾಯಧನವಿದೆ. ಆದರೆ ಬಿಲ್ಲೇ ಬಾರದ ಮನೆಗೆ ಮಾಳಿಗೆಯ ಮೇಲೆ ಫಲಕ ಹಾಕಿಸಿಕೊಳ್ಳುವ ತುರ್ತು ಕಾಣುವುದಿಲ್ಲ.

ಮನೆಪಟ್ಟಿ ಮತ್ತು ಉಪಕರಗಳು

ಕರ್ನಾಟಕ ಪೌರಸಭೆಗಳ ಅಧಿನಿಯಮ 1964ರಡಿ ನಗರಸಭೆ, ಪುರಸಭೆಗಳು ಆಸ್ತಿ ತೆರಿಗೆ ಪಡೆಯುತ್ತವೆ. ಮಾಲೀಕರೇ ಲೆಕ್ಕ ಹಾಕಿ ಘೋಷಿಸಿ ಕಟ್ಟುವ ಪದ್ಧತಿ ಇದೆ. ಆರ್ಥಿಕ ವರ್ಷದ ಆರಂಭದಲ್ಲೇ ಕಟ್ಟಿದವರಿಗೆ ಶೇ 5 ರಿಯಾಯಿತಿ, ತಡ ಮಾಡಿದರೆ ತಿಂಗಳಿಗೆ ಶೇ 2 ದಂಡ. ಏಪ್ರಿಲಿನಲ್ಲಿ ನಗರಸಭೆಯ ಕೌಂಟರಿನ ಮುಂದೆ ಸಾಲು ಬೆಳೆಯುವುದನ್ನು ನೋಡಿದವರಿಗೆ ಶೇ 5ರ ಶಕ್ತಿ ಗೊತ್ತು. ಸಣ್ಣ ರಿಯಾಯಿತಿಯಾದರೂ ಗಡುವು ಸ್ಪಷ್ಟವಾಗಿದ್ದು ರಸೀದಿಯಲ್ಲಿ ಕಣ್ಣಿಗೆ ಕಂಡರೆ ಜನ ಅದಕ್ಕೆ ಸ್ಪಂದಿಸುತ್ತಾರೆ.

ಉಪಕರವೂ ಇಲ್ಲಿ ಹೊಸದಲ್ಲ. ಮನೆಪಟ್ಟಿಯ ಮೇಲೆ ಶೇ 6ರ ಗ್ರಂಥಾಲಯ ಕರ 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಶೇ 3ರ ಭಿಕ್ಷುಕರ ಕರ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಫಲ. ಇವುಗಳ ಜೊತೆ ಆರೋಗ್ಯ ಕರವೂ ಉಂಟು. ಒಂದು ಉದ್ದೇಶಕ್ಕೆಂದು ಹಣ ಎತ್ತುವ ಕಾಲುವೆ ಆರು ದಶಕಗಳಿಂದ ಹರಿಯುತ್ತಿದೆ. ಹಾಗೆ ಎತ್ತಿದ ಹಣ ಸಂಬಂಧಪಟ್ಟ ಇಲಾಖೆಗೆ ಸಕಾಲದಲ್ಲಿ ಸೇರುವುದಿಲ್ಲ ಎಂಬ ದೂರೂ ಹಳೆಯದೇ. ಚರಂಡಿ ಹೂಳೆತ್ತಲು, ಕೆರೆ ಕಾಯಲು ಹೊಸ ಉಪಕರ ಬೇಕೆನ್ನುವವರು ಈ ಹಳೆಯ ಪಾಠವನ್ನು ಮರೆಯುವಂತಿಲ್ಲ.

ಮನೆಪಟ್ಟಿಗೆ ಇನ್ನೊಂದು ಅನುಕೂಲವಿದೆ. ವಿದ್ಯುತ್ ಬಿಲ್ಲು ಶೂನ್ಯವಾಗಿರಬಹುದು, ನಳಕ್ಕೆ ಮೀಟರು ಇಲ್ಲದಿರಬಹುದು. ಮನೆಪಟ್ಟಿ ಮಾತ್ರ ಪ್ರತಿ ಆಸ್ತಿಗೂ ಇದೆ. ಪುಣೆ ಮಹಾನಗರಪಾಲಿಕೆ ಮಳೆಕೊಯ್ಲು, ಸೌರಶಕ್ತಿಯಂಥ ವ್ಯವಸ್ಥೆಗಳಲ್ಲಿ ಒಂದಿದ್ದರೆ ಶೇ 5, ಒಂದಕ್ಕಿಂತ ಹೆಚ್ಚಿದ್ದರೆ ಶೇ 10 ತೆರಿಗೆ ರಿಯಾಯಿತಿ ಕೊಡುತ್ತ ಬಂದಿದೆ. ಆದರೆ ಸಣ್ಣ ಪಟ್ಟಣದಲ್ಲಿ ತೆರಿಗೆಯೇ ಕಡಿಮೆ. ₹2,000 ಕಟ್ಟುವ ಮನೆಗೆ ಶೇ 5 ಎಂದರೆ ₹100. ಅದರಿಂದ ತೊಟ್ಟಿ ಕಟ್ಟಲಾಗದು. ರಿಯಾಯಿತಿಯ ಜೊತೆಗೆ ಮುಂಗಡ ಹಣವೂ ಬೇಕು. 2015ರಲ್ಲಿ ಬಂದ ಉಜಾಲಾ ಯೋಜನೆಯಲ್ಲಿ ಕೆಲವು ರಾಜ್ಯಗಳು ಎಲ್ಇಡಿ ಬಲ್ಬಿನ ಬೆಲೆಯನ್ನು ವಿದ್ಯುತ್ ಬಿಲ್ಲಿನಲ್ಲೇ ಕಂತುಕಂತಾಗಿ ವಸೂಲು ಮಾಡಿದವು. ತೊಟ್ಟಿ, ಫಿಲ್ಟರು, ಫ್ಯಾನುಗಳಿಗೂ ಹೊಂದುವ ದಾರಿ ಇದು.

ಗ್ರಾಮ ಪಂಚಾಯಿತಿಗಳು

ಪಟ್ಟಣಗಳ ಸುತ್ತಲ ಹಳ್ಳಿಗಳಲ್ಲಿ ಮನೆ ತೆರಿಗೆ ಮತ್ತು ನೀರಿನ ಕರ ಎರಡನ್ನೂ 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಗ್ರಾಮ ಪಂಚಾಯಿತಿ ಪಡೆಯುತ್ತದೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್ ಮನೆಮನೆಗೆ ನಳ ತಂದಿತು. ಊರಿನೊಳಗಿನ ಕಾಮಗಾರಿಯ ವೆಚ್ಚದಲ್ಲಿ ಸಾಮಾನ್ಯವಾಗಿ ಶೇ 10 ಜನರ ವಂತಿಗೆ ಎಂದೂ ಹೇಳಿತು. ಇಲ್ಲಿ ಬಿಲ್ ಕಲೆಕ್ಟರನೂ ವಾಟರ್‌ಮನ್ನನೂ ಊರಿನವರೇ. ಯಾರ ಮನೆಗೆ ನೀರು ಏರುವುದಿಲ್ಲ, ಯಾರು ನಳಕ್ಕೆ ಮೋಟಾರು ಹಚ್ಚುತ್ತಾರೆ ಎಂಬುದು ಅವರಿಗೆ ಗೊತ್ತು. ಬಾಕಿದಾರನೂ ನೆಂಟನೇ ಆಗಿರುವುದರಿಂದ ವಸೂಲಿ ಮಾತ್ರ ಕಷ್ಟ. 2009ರ ನಂತರದ ಆಸರೆ ಬಡಾವಣೆಗಳಿಗೆ ಹಲವು ಕುಟುಂಬಗಳು ಪೂರ್ತಿಯಾಗಿ ಹೋಗಲಿಲ್ಲ, ಹೊಲ ಮತ್ತು ಹೊಳೆ ಹತ್ತಿರವಿರುವ ಹಳೆ ಊರಿನಲ್ಲೇ ಉಳಿದವು. ಎತ್ತರದ ಮನೆಯಲ್ಲಿ ವಾಸವಾಗಿರುವವರಿಗೆ ನೀರು, ಮನೆ ತೆರಿಗೆಯಲ್ಲಿ ಕೆಲ ವರ್ಷ ವಿನಾಯಿತಿ ಕೊಡುವುದು ನೆರೆಗೆ ಸಂಬಂಧಿಸಿದಂತೆ ಶುಲ್ಕವನ್ನು ಬಳಸಬಹುದಾದ ಒಂದು ನೇರ ಕ್ರಮ.

ಇತರೆಡೆಯ ಅನುಭವ

ದಂಡಶುಲ್ಕದ ದಾರಿ ಹಿಡಿದದ್ದು ಬೆಂಗಳೂರು ಜಲಮಂಡಳಿ. 2009ರ ಕಾಯ್ದೆ ತಿದ್ದುಪಡಿಯಿಂದ ದೊಡ್ಡ ನಿವೇಶನಗಳಿಗೆ ಮಳೆಕೊಯ್ಲು ಕಡ್ಡಾಯವಾಯಿತು. ಮಾಡದ ಮನೆಗಳ ನೀರಿನ ಬಿಲ್ಲಿನ ಮೇಲೆ 2016ರಲ್ಲಿ ಮೊದಲ ಮೂರು ತಿಂಗಳು ಶೇ 25, ಆಮೇಲೆ ಶೇ 50 ಹೆಚ್ಚುವರಿ ಹಾಕಲಾಯಿತು. ಅನೇಕ ಮನೆಗಳು ವ್ಯವಸ್ಥೆ ಮಾಡಿಕೊಂಡವು. ನೀರು ಅಗ್ಗವಾಗಿದ್ದ ಕಾರಣ ದಂಡವನ್ನೇ ಕಟ್ಟುತ್ತ ಹೋದವರೂ ಇದ್ದರು. 2024ರ ಮಾರ್ಚಿನ ನೀರಿನ ಬಿಕ್ಕಟ್ಟಿನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ ₹5,000 ದಂಡ ಬಂತು. 2014ರಿಂದ ಏರದಿದ್ದ ದರ 2025ರ ಏಪ್ರಿಲಿನಲ್ಲಿ ಏರಿತು. ಹತ್ತು ವರ್ಷ ಕದಲದ ದರ ಒಮ್ಮೆಲೆ ಏರುವುದಕ್ಕಿಂತ ವರ್ಷವರ್ಷ ಸ್ವಲ್ಪಸ್ವಲ್ಪ ಏರುವುದು ಮನೆಗಳಿಗೂ ಮಂಡಳಿಗೂ ಲೇಸು.

ದೆಹಲಿ ಜಲಮಂಡಳಿ ಮಳೆಕೊಯ್ಲಿದ್ದರೆ ಬಿಲ್ಲಿನಲ್ಲಿ ಶೇ 10 ರಿಯಾಯಿತಿ, ಕಡ್ಡಾಯವಿದ್ದೂ ಮಾಡದಿದ್ದರೆ ಒಂದೂವರೆ ಪಟ್ಟು ದರ ಎಂದಿತು. ಅದೇ ನಗರದಲ್ಲಿ 2015ರಿಂದ ತಿಂಗಳಿಗೆ 20,000 ಲೀಟರ್ ನೀರು ಉಚಿತ. ಅಲ್ಲಿಯೂ ಶೂನ್ಯ ಬಿಲ್ಲಿನ ಮುಂದೆ ರಿಯಾಯಿತಿ ಸಪ್ಪೆಯಾಯಿತು. ಒಡಿಶಾದಲ್ಲಿ ಸ್ವಸಹಾಯ ಸಂಘದ ಮಹಿಳೆಯರು 'ಜಲಸಾಥಿ'ಗಳಾಗಿ ಮೀಟರು ಓದಿ, ಬಿಲ್ಲು ಕೊಟ್ಟು, ವಸೂಲಿಯಲ್ಲಿ ಪಾಲು ಪಡೆಯುತ್ತಾರೆ. 2021ರಲ್ಲಿ ಪುರಿ ನಗರ ನಳದಿಂದಲೇ ಕುಡಿಯುವ ನೀರು ನಿರಂತರವಾಗಿ ಕೊಡತೊಡಗಿದಾಗ ಅವರ ಪಾತ್ರ ದೊಡ್ಡದಿತ್ತು.

ದಕ್ಷಿಣ ಆಫ್ರಿಕಾದ ಕೇಪ್‌ಟೌನ್ 2018ರ ಬರದಲ್ಲಿ ತಲೆಗೆ ದಿನಕ್ಕೆ 50 ಲೀಟರಿನ ಮಿತಿ ಹಾಕಿ, ಮೀರಿದವರಿಗೆ ಕಡಿದಾದ ದರ ವಿಧಿಸಿತು. ಜರ್ಮನಿಯ ಹಲವು ನಗರಗಳು ಕೊಳಚೆನೀರಿನ ಶುಲ್ಕವನ್ನೂ ಮಳೆನೀರಿನ ಶುಲ್ಕವನ್ನೂ ಬೇರ್ಪಡಿಸಿ, ಅಂಗಳಕ್ಕೆ ಕಾಂಕ್ರೀಟು ಹೊದಿಸಿದಷ್ಟೂ ಹೆಚ್ಚು ಹಣ ಪಡೆಯುತ್ತವೆ. ಕಾವಿನ ವಿಷಯದಲ್ಲಿ ತೆಲಂಗಾಣ 2023ರಲ್ಲಿ ತಂಪು ಮಾಳಿಗೆಯ ನೀತಿಯನ್ನೇ ಹೊರಡಿಸಿತು. ಮಾಳಿಗೆಗೆ ಬಿಳಿ ಸುಣ್ಣ ಬಳಿಯುವಷ್ಟು ಸರಳವಾದ ಕೆಲಸಕ್ಕೂ ಅದರಲ್ಲಿ ಬೆಲೆಯಿದೆ.

ನಾಲ್ಕು ಪಟ್ಟಣಗಳು

ಬಾಗಲಕೋಟೆ: ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಹಳೆ ಊರಿನ ಭಾಗಗಳು ಮುಳುಗಿ, 'ಮುಳುಗಡೆ ನಗರಿ' ಎಂಬ ಹೆಸರು ಅಂಟಿತು. ಪುನರ್ವಸತಿಗೆಂದು 1983ರ ಕಾಯ್ದೆಯಡಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಬಂತು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಯೋಜನೆಯಲ್ಲಿ ಪಾಲ್ಗೊಂಡ ನವನಗರ ಎದ್ದಿತು. ಜಲಾಶಯದ ಈಗಿನ ಮಟ್ಟ 519.60 ಮೀಟರ್, 524.256 ಮೀಟರಿಗೆ ಏರಿಸುವ ಯೋಜನೆಯಿದೆ. ಸೆಕ್ಟರುಗಳಾಗಿ ಅಳೆದು ಕಟ್ಟಿದ ನವನಗರದಲ್ಲಿ ಮೀಟರು, ಮಳೆನೀರು ಚರಂಡಿಗಳನ್ನು ಕ್ರಮವಾಗಿ ಅಳವಡಿಸುವುದು ಸುಲಭ. ಇಕ್ಕಟ್ಟಾದ ಹಳೆ ಊರಿನಲ್ಲಿ ಕಷ್ಟ. ನಾಳೆ ಮುಳುಗೀತೆಂಬ ಭಯವಿರುವ ಮನೆಗೆ ಇಂದು ಯಾರೂ ತೊಟ್ಟಿ ಕಟ್ಟಿಸುವುದಿಲ್ಲ.

ಬಾದಾಮಿ: ಆರನೆಯ ಶತಮಾನದಲ್ಲಿ ಚಾಲುಕ್ಯರ ರಾಜಧಾನಿಯಾದ ಈ ಊರು ಬಂಡೆಗಳಿಂದ ಇಳಿಯುವ ನೀರನ್ನು ಅಗಸ್ತ್ಯತೀರ್ಥದಲ್ಲಿ ಹಿಡಿದು ಬೆಳೆದದ್ದು. ಮಳೆ ಜೋರಾದಾಗ ಅಕ್ಕ–ತಂಗಿ ಜಲಪಾತ ಇಂದಿಗೂ ಧುಮ್ಮಿಕ್ಕುತ್ತದೆ. ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯವಿರುವುದರಿಂದ, ಅಲ್ಲಿನ ಮನೆಗಳಿಗೆ ದುರಸ್ತಿಗೂ ಅನುಮತಿ ಬೇಕು. ಅನುಮತಿ ಸಿಗದ ಮನೆಗೆ ತೊಟ್ಟಿ ಕಟ್ಟಲಿಲ್ಲವೆಂದು ದಂಡ ಹಾಕುವುದು ಅನ್ಯಾಯ. ಪ್ರವಾಸಿಗರ ಊರಾದ್ದರಿಂದ ಇಲ್ಲಿ ಮನೆಗಳಿಗಿಂತ ಮೊದಲು ವಸತಿಗೃಹಗಳ ನೀರಿನ ದರವೇ ಹಂತಹಂತವಾಗಬೇಕು.

ಹುನಗುಂದ: ಸುತ್ತ ಎರೆಹೊಲ, ತಾಲೂಕಿನ ಅಂಚಿನಲ್ಲಿ ಕೃಷ್ಣಾ–ಮಲಪ್ರಭೆ ಕೂಡುವ ಕೂಡಲಸಂಗಮ. ನೆರೆ ಹೊಳೆದಂಡೆಯ ಹಳ್ಳಿಗಳಿಗೆ ಬಂದರೂ ಆಶ್ರಯದ ಒತ್ತಡ ಪಟ್ಟಣದ ನೀರು, ಶೌಚಾಲಯಗಳ ಮೇಲೆ ಬೀಳುತ್ತದೆ. ಸಣ್ಣ ಪುರಸಭೆಯ ಆದಾಯವೂ ಸಣ್ಣದು. ರಿಯಾಯಿತಿ ಕೊಟ್ಟು ಕಳೆದುಕೊಂಡದ್ದನ್ನು ರಾಜ್ಯ ತುಂಬಿಕೊಡದೆ ಯಾವ ಯೋಜನೆಯೂ ನಿಲ್ಲದು.

ಇಳಕಲ್ಲ: ಸೀರೆ ಮತ್ತು ಕೆಂಪು ಕಣಶಿಲೆಯ ಊರು. ನೇಕಾರನಿಗೆ ಮನೆಯೇ ಕಾರ್ಖಾನೆ. ಕುಣಿಮಗ್ಗದ ಕುಣಿಗೆ ಮಳೆಗಾಲದ ತೇವ ಏರಿದರೆ ಕೆಲಸ ನಿಲ್ಲುತ್ತದೆ, ಪತ್ರಾಸಿನಡಿಯ ಬೇಸಿಗೆಯ ಕಾವು ನೇಯುವ ತಾಸುಗಳನ್ನು ತಿನ್ನುತ್ತದೆ; ಬಣ್ಣ ಹಾಕಲು ನೀರೂ ಬೇಕು. ಹೀಗಾಗಿ ಇಲ್ಲಿ ಮಾಳಿಗೆ ತಂಪು ಮಾಡಿದರೆ ಆರಾಮದ ಜೊತೆಗೆ ದುಡಿಮೆಯೂ ಉಳಿಯುತ್ತದೆ. ಮೀಟರಿನ ನೀರು ಪೂರೈಕೆಯ ಅನುಭವವಿರುವ ಊರಾದ್ದರಿಂದ ಬಿಲ್ಲಿನ ಮೂಲಕದ ಪ್ರಯೋಗಕ್ಕೆ ನಾಲ್ಕರಲ್ಲಿ ಹೆಚ್ಚು ಅನುಕೂಲವಾದದ್ದು ಇದೇ.

ನ್ಯಾಯದ ಪ್ರಶ್ನೆ

ಹಂತದರ ಮೇಲ್ನೋಟಕ್ಕೆ ನ್ಯಾಯ; ಒಳಹೊಕ್ಕರೆ ತೊಡಕು. ಒಂದೇ ನಳ ಹಂಚಿಕೊಂಡ ಹನ್ನೆರಡು ಜನರ ಕೂಡುಕುಟುಂಬ ಮೇಲಿನ ಹಂತಕ್ಕೆ ಏರುತ್ತದೆ, ಇಬ್ಬರೇ ಇರುವ ಬಂಗಲೆ ಕೆಳಗಿನ ಹಂತದಲ್ಲಿ ಉಳಿಯುತ್ತದೆ. ಬಾಡಿಗೆಯವನು ಬಿಲ್ಲು ಕಟ್ಟುತ್ತಾನೆ, ತೊಟ್ಟಿ ಕಟ್ಟಿಸಬೇಕಾದವನು ಮಾಲೀಕ. ರಿಯಾಯಿತಿ ಸೋಲಾರ್, ಸಂಪು ಹಾಕಿಸಬಲ್ಲ ಉಳ್ಳವರಿಗೇ ಸಲ್ಲುವ ಅಪಾಯವಿದೆ. ನಳವೇ ಇಲ್ಲದೆ ಟ್ಯಾಂಕರಿನ ನೀರು ಕೊಳ್ಳುವ ಮನೆ ಎಲ್ಲರಿಗಿಂತ ಹೆಚ್ಚು ಹಣ ಕೊಟ್ಟರೂ ಯಾವ ರಿಯಾಯಿತಿಯ ಪಟ್ಟಿಯಲ್ಲೂ ಬರುವುದಿಲ್ಲ. ಖಾತೆ ಸರಿಯಿಲ್ಲದ ಆಸ್ತಿಗಳಿಗೆ 2025ರಲ್ಲಿ ಬಿ–ಖಾತಾ ಅಭಿಯಾನ ನಡೆದದ್ದು ಹೀಗೆ ಪಟ್ಟಿಯಿಂದ ಹೊರಗುಳಿದ ಮನೆಗಳನ್ನು ಲೆಕ್ಕಕ್ಕೆ ತರುವ ಒಂದು ಹೆಜ್ಜೆ. ದಕ್ಷಿಣ ಆಫ್ರಿಕಾ 2001ರಲ್ಲಿ ಮನೆಗೆ ತಿಂಗಳಿಗೆ 6,000 ಲೀಟರ್ ಉಚಿತ ಮಾಡಿ ಅದರ ಮೇಲೆ ದರ ಕಟ್ಟಿತು. ಬದುಕಿಗೆ ಬೇಕಾದಷ್ಟು ಉಚಿತ, ಮಿಕ್ಕದ್ದಕ್ಕೆ ದರ ಎಂಬ ಈ ಸೂತ್ರ ಒಣನಾಡಿಗೂ ಒಪ್ಪುತ್ತದೆ.

ಮೌಲ್ಯಮಾಪನ

ಶುಲ್ಕ ಪ್ರೇರಣೆಯಾಗಲು ಮೂರು ಬೇಕು: ಬಳಕೆ ಅಳೆಯುವ ಮೀಟರು, ತಪ್ಪದೆ ಬರುವ ಓದಬಲ್ಲ ಬಿಲ್ಲು, ಬಿಲ್ಲು ನೋಡಿದವನು ತನ್ನ ಶಕ್ತಿಯಲ್ಲಿ ಮಾಡಬಲ್ಲ ಒಂದು ಕೆಲಸ. ಈ ನಾಲ್ಕು ಪಟ್ಟಣಗಳಲ್ಲಿ ವಿದ್ಯುತ್ತಿಗೆ ಮೀಟರಿದೆ, ಆದರೆ ಬಹುಪಾಲು ಮನೆಗಳಿಗೆ ಕಟ್ಟಬೇಕಾದ ಮೊತ್ತವಿಲ್ಲ. ನೀರಿಗೆ ಮೊತ್ತವಿದೆ, ಆದರೆ ಎಲ್ಲೆಡೆ ಮೀಟರಿಲ್ಲ. ಮನೆಪಟ್ಟಿ ಎಲ್ಲರಿಗೂ ಇದೆ, ಅದರಲ್ಲಿ ಮಳೆ–ಬಿಸಿಲಿನ ಮಾತಿಲ್ಲ. ನೆರೆಯಂಥ ದೊಡ್ಡ ಅಪಾಯಕ್ಕೆ ಶುಲ್ಕ ಎಂದೂ ಪೂರ್ತಿ ಉತ್ತರವಾಗದು. ಅದು ಜಲಾಶಯಗಳ ನಿರ್ವಹಣೆ ಮತ್ತು ಪುನರ್ವಸತಿಯ ಹೊಣೆ, ಸರ್ಕಾರದ್ದೇ. ಬರ ಮತ್ತು ಕಾವಿಗೆ ಸಂಬಂಧಿಸಿದಂತೆ ಮಾತ್ರ ಮನೆಪಟ್ಟಿಯ ರಿಯಾಯಿತಿ, ತೊಟ್ಟಿಗೆ ಕಂತಿನ ಸಾಲ, ವಸತಿಗೃಹ ಮತ್ತು ದೊಡ್ಡ ಬಳಕೆದಾರರಿಗೆ ಏರುವ ನೀರಿನ ದರ ಈ ಮೂರನ್ನು ಈಗಿರುವ ವ್ಯವಸ್ಥೆಯ ಮೇಲೆಯೇ ಕಟ್ಟಬಹುದು. ಏಪ್ರಿಲಿನಲ್ಲಿ ಶೇ 5ಕ್ಕಾಗಿ ಸಾಲು ನಿಲ್ಲುವ ಮನೆಯವರೇ ಮೇ ತಿಂಗಳಲ್ಲಿ ಟ್ಯಾಂಕರಿಗಾಗಿಯೂ ಸಾಲು ನಿಲ್ಲುತ್ತಾರೆ.